‘ನೀ ದೊಡ್ಡಾಕಿ, ಬಿಟ್ಟುಕೊಡು’ ಎನ್ನುವ ಮಾತಿನ ಕುರಿತು

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆಯ ಈ ದಿನಗಳಲ್ಲಿ ನಮ್ಮ ಓಣಿಯ ಯಾವ ಮನೆಯ ಮುಂದೆ ಹಾದುಹೋದರೂ ಒಂದೇ ಬಗೆಯ ಕೂಗು ಕೇಳಿಸುತ್ತದೆ. ಬೆಳಿಗ್ಗೆ ಹತ್ತು ಗಂಟೆಗೇ ಬಿಸಿಲು ಏರಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಫ್ಯಾನಿನ ಕೆಳಗೆ, ಒಂದೇ ಮೊಬೈಲಿನ ಸುತ್ತ ಅಕ್ಕ, ತಮ್ಮ, ಅಣ್ಣ, ತಂಗಿ ಎಲ್ಲರೂ ಕೂಡಿರಬೇಕಾದಾಗ ಜಗಳ ಹುಟ್ಟದೆ ಇರುವುದಿಲ್ಲ. ಇದು ಪತ್ರಿಕೆಗೆ ಬರೆಯುವಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನ್ನಿಸೀತು. ಗಂಗಾವತಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಪಾಠ ಹೇಳಿ, ಈಗ ಮೊಮ್ಮಕ್ಕಳ ನಡುವೆ ದಿನ ಕಳೆಯುತ್ತಿರುವ ನನಗೆ ಇದು ದೊಡ್ಡ ವಿಷಯವಾಗಿಯೇ ಕಾಣುತ್ತದೆ. ಮಕ್ಕಳು ಜಗಳವಾಡುವುದು ನನ್ನ ಚಿಂತೆಯಲ್ಲ. ಆ ಜಗಳದ ನಡುವೆ ಹಿರಿಯರಾದ ನಾವು ಆಡುವ ಒಂದು ಮಾತಿನ ಬಗ್ಗೆ ನನಗೆ ಚಿಂತೆಯಿದೆ, ಮತ್ತು ಆ ಮಾತನ್ನು ನಾನೇ ಎಷ್ಟೋ ಸಲ ಆಡಿದ್ದೇನೆ ಎಂಬ ನೋವೂ ಇದೆ.

ಕಳೆದ ವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೂಲರಿನ ಮುಂದೆ ಯಾರು ಮಲಗಬೇಕು ಎಂಬ ಜಗಳ ಆರಂಭವಾಯಿತು. ಮೊಮ್ಮಗಳಿಗೆ ಒಂಬತ್ತು ವರ್ಷ, ಮೊಮ್ಮಗನಿಗೆ ಐದು. ಅವನು ಅಳುತ್ತಾ ನನ್ನ ಬಳಿ ಬಂದು ‘ಅಮ್ಮಾ, ಅಕ್ಕ ನನ್ನ ಒದ್ದಳು’ ಎಂದ. ನಾನು ಅಭ್ಯಾಸಬಲದಿಂದ ಮೊಮ್ಮಗಳ ಕಡೆ ತಿರುಗಿ ‘ನೀ ದೊಡ್ಡಾಕಿ ಅದಿ, ನೀನ ಬಿಟ್ಟುಕೊಡು’ ಎಂದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನ ಮಗಳು ಕೈ ನಿಲ್ಲಿಸಿ, ‘ಅವ್ವಾ, ಆ ಮಾತು ಮಾತ್ರ ಅನಬ್ಯಾಡ’ ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಆದರೆ ನನಗೆ ಮುಂದೆ ಮಾತು ಹೊರಡಲಿಲ್ಲ.

ಮೂವತ್ತು ವರ್ಷಕ್ಕೂ ಹಿಂದಿನ ಸಂಗತಿಯೊಂದನ್ನು ಅವಳು ಆಗ ನೆನಪಿಸಿದಳು. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲ್ಲೂಕಾಗಿದ್ದ ಕಾಲವದು. ಗವಿಸಿದ್ಧೇಶ್ವರ ಜಾತ್ರೆಗೆ ಹೋದಾಗ ಅವಳಿಗೆ ಕಿನ್ನಾಳ ಊರಿನವರು ಮಾಡಿದ ಒಂದು ಮರದ ಗಿಳಿ ಗೊಂಬೆಯನ್ನು ಕೊಡಿಸಿದ್ದೆವು. ಹಸಿರು ಮೈ, ಕೆಂಪು ಕೊಕ್ಕು, ಕೊರಳಿಗೆ ಹಳದಿ ಗೆರೆ. ಮನೆಗೆ ಬಂದ ಮರುದಿನ ನಾಲ್ಕು ವರ್ಷದ ತಮ್ಮ ಅದಕ್ಕಾಗಿ ಹಟ ಹಿಡಿದ. ಶಾಲೆಗೆ ಹೊರಡುವ ಅವಸರದಲ್ಲಿದ್ದ ನಾನು ಅವಳ ಕೈಯಿಂದ ಗಿಳಿಯನ್ನು ಬಿಡಿಸಿ ಅವನ ಕೈಗೆ ಕೊಟ್ಟೆನಂತೆ, ‘ನೀ ದೊಡ್ಡಾಕಿ’ ಎಂದೆನಂತೆ. ಸಂಜೆಯ ಹೊತ್ತಿಗೆ ಕೊಕ್ಕು ಮುರಿದಿತ್ತು. ನನಗೆ ಇದರಲ್ಲಿ ಒಂದೂ ನೆನಪಿಲ್ಲ. ಅವಳಿಗೆ ಕೊರಳಿನ ಹಳದಿ ಗೆರೆಯೂ ನೆನಪಿದೆ. ‘ಗಿಳಿ ಮುರಿದದ್ದಕ್ಕ ನನಗ ಅಷ್ಟು ದುಃಖ ಆಗಲಿಲ್ಲ ಅವ್ವಾ, ನೀ ನನ್ನ ಒಂದು ಮಾತೂ ಕೇಳಲಿಲ್ಲ’ ಎಂದಳು. ಈಗ ನಲವತ್ತು ದಾಟಿದ ಹೆಣ್ಣುಮಗಳು ಹಿಟ್ಟಿನ ಕೈಯಲ್ಲಿ ನಿಂತು ಹೇಳಿದ ಆ ಮಾತಿನಿಂದಲೇ ಈ ಪತ್ರ ಹುಟ್ಟಿದೆ.

ದೊಡ್ಡವರು ಬಿಟ್ಟುಕೊಡಬೇಕು ಎಂಬ ನಿಯಮವನ್ನು ನಾವು ಒಳ್ಳೆಯ ಸಂಸ್ಕಾರವೆಂದೇ ತಿಳಿದು ಕಲಿಸುತ್ತೇವೆ. ಆದರೆ ಅದನ್ನು ವಿಚಾರಣೆಯಿಲ್ಲದ ತೀರ್ಪಾಗಿ ದಿನವೂ ಹೇರಿದಾಗ ಇಬ್ಬರು ಮಕ್ಕಳೂ ಬೇರೆಯದೇ ಪಾಠವನ್ನು ಕಲಿಯುತ್ತಾರೆ. ತಪ್ಪು ಯಾರದಾದರೂ ಸೋಲು ತನ್ನದೇ ಎಂದು ದೊಡ್ಡ ಮಗು ಅರಿಯುತ್ತದೆ, ಆದ್ದರಿಂದ ಹಿರಿಯರ ಕಣ್ಣಿಗೆ ಬೀಳದಂತೆ ಚಿವುಟುವುದನ್ನು ರೂಢಿಸಿಕೊಳ್ಳುತ್ತದೆ. ಗಟ್ಟಿಯಾಗಿ ಅತ್ತರೆ ಬೇಕಾದದ್ದು ಸಿಗುತ್ತದೆ ಎಂದು ಸಣ್ಣ ಮಗು ಅರಿಯುತ್ತದೆ. ಮುಂದೆ ಶಾಲೆಯಲ್ಲಿ, ತನಗಾಗಿ ಯಾರೂ ಬಿಟ್ಟುಕೊಡದ ಕಡೆ, ಅದಕ್ಕೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಒಂದನೆಯ ತರಗತಿಗೆ ಬಂದ ಕೂಡಲೇ ಬೆಂಚಿನ ತುದಿಗಾಗಿ, ಬಳಪದ ಚೂರಿಗಾಗಿ ಕಂಗಾಲಾಗಿ ನಿಲ್ಲುತ್ತಿದ್ದ ಅನೇಕ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಲ್ಲಿ ಬಹಳ ಮಂದಿ ಮನೆಯಲ್ಲಿ ಕೊನೆಯವರಾಗಿರುತ್ತಿದ್ದರು.

ಈ ಪೈಪೋಟಿಯ ಬೇರು ಎರಡನೆಯ ಮಗು ಹುಟ್ಟುವ ಹೊತ್ತಿನಲ್ಲಿಯೇ ಇರುತ್ತದೆ. ವಿಯೆನ್ನಾದ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ (1870–1937) ಚೊಚ್ಚಲ ಮಗುವನ್ನು ಸಿಂಹಾಸನದಿಂದ ಇಳಿಸಲ್ಪಟ್ಟ ಅರಸನಿಗೆ ಹೋಲಿಸಿದ್ದರು. ನಮ್ಮ ಭಾಗದ ಪದ್ಧತಿಯನ್ನು ನೋಡಿದರೆ ಆ ಹೋಲಿಕೆ ಇನ್ನಷ್ಟು ನಿಜವೆನ್ನಿಸುತ್ತದೆ. ತಾಯಿ ಹೆರಿಗೆಗೆಂದು ತವರಿಗೆ ಹೋಗುತ್ತಾಳೆ. ಶಾಲೆ ತಪ್ಪಬಾರದೆಂದು ದೊಡ್ಡ ಮಗುವನ್ನು ಅಜ್ಜಿಯ ಬಳಿಯೋ ಚಿಕ್ಕಮ್ಮನ ಬಳಿಯೋ ಬಿಡುತ್ತಾರೆ. ತಿಂಗಳುಗಳು ಕಳೆದು ತಾಯಿ ಮರಳಿ ಬಂದಾಗ ಅವಳ ತೊಡೆಯ ಮೇಲೆ ಬೇರೆ ಮಗುವಿರುತ್ತದೆ. ತೊಟ್ಟಿಲು ಹಾಕುವ ದಿನ ಬಂದವರೆಲ್ಲ ಕೂಸಿಗೆ ಕುಂಚಿಗೆ, ಬೆಳ್ಳಿ ಕಡಗ ತರುತ್ತಾರೆ, ಬಾಗಿಲ ಬಳಿ ನಿಂತ ದೊಡ್ಡ ಮಗುವಿಗೆ ‘ಇನ್ನ ನಿನ್ನ ಆಟ ಮುಗೀತು’ ಎಂದು ನಗೆಯಾಡುತ್ತಾರೆ. ಆ ನಗೆಮಾತು ನಾಲ್ಕು ವರ್ಷದ ಮಗುವಿಗೆ ನಗೆಯಾಗಿ ಕೇಳಿಸುವುದಿಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದು, ಬೆರಳು ಚೀಪುವುದು, ತೊದಲು ಮಾತನಾಡುವುದು, ನನಗೂ ಎತ್ತಿಕೋ ಎಂದು ಹಟ ಮಾಡುವುದು ಇವೆಲ್ಲ ಆಗಲೇ ಕಾಣಿಸಿಕೊಳ್ಳುತ್ತವೆ. ಇಷ್ಟು ದೊಡ್ಡದಾದ ಮೇಲೂ ಹೀಗೇಕೆ ಎಂದು ನಾವು ಗದರಿಸುತ್ತೇವೆ. ಕೂಸಿನಂತಾದರೆ ಅವ್ವ ಮತ್ತೆ ತನ್ನವಳಾಗಬಹುದೇ ಎಂದು ಅದು ಕೇಳುತ್ತಿರುತ್ತದೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 40 ಕುಟುಂಬಗಳನ್ನು, ಎರಡನೆಯ ಮಗು ಹುಟ್ಟುವ ಮುಂಚಿನಿಂದ ಹಿಡಿದು ಅದಕ್ಕೆ 14 ತಿಂಗಳಾಗುವವರೆಗೆ, ಅವರ ಮನೆಗಳಿಗೇ ಹೋಗಿ ಗಮನಿಸಿದ್ದರು. 1980ರ ದಶಕದ ಆರಂಭದಲ್ಲಿ ಅವರು ಪ್ರಕಟಿಸಿದ ಫಲಿತಾಂಶಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ನಿಂತಿದೆ. ಕೂಸು ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ದೊಡ್ಡ ಮಗುವಿನ ಜೊತೆ ಕೂಸಿನ ಬಗ್ಗೆ, ಅದಕ್ಕೂ ಬೇಕುಬೇಡಗಳಿರುವ ಒಂದು ಜೀವ ಎಂಬಂತೆ ಮಾತನಾಡಿದ್ದ ಮನೆಗಳಲ್ಲಿ, ವರ್ಷ ಕಳೆದ ಮೇಲೂ ಆ ಮಕ್ಕಳ ನಡುವೆ ಹೆಚ್ಚಿನ ಸ್ನೇಹ ಕಂಡುಬಂದಿತ್ತು. ‘ತಮ್ಮ ಯಾಕ ಅಳಾಕ ಹತ್ಯಾನ? ಹಸಿವಾಗಿರಬೇಕೇನು, ನಿನಗ ಏನ ಅನಸತೈತಿ?’ ಎಂಬ ಒಂದು ಪ್ರಶ್ನೆ ಸಾಕು. ಇದಕ್ಕೆ ಹಣ ಬೇಡ, ಓದು ಬೇಡ, ದೊಡ್ಡ ಮನೆಯೂ ಬೇಡ. ಹಾಲು ಕುಡಿಸುತ್ತಾ ಕುಳಿತ ತಾಯಿ ಪಕ್ಕದಲ್ಲಿ ನಿಂತ ಮಗುವಿನೊಡನೆ ಆಡಬಹುದಾದ ಮಾತಿದು.

ಇಲ್ಲಿಯೇ ನನ್ನದೊಂದು ವಿನಂತಿಯಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಬಾಣಂತಿಯ ಮನೆಗೆ ಭೇಟಿ ನೀಡಬೇಕೆಂಬ ಕ್ರಮವಿದೆ. ಅವರು ಕೂಸಿನ ತೂಕ ನೋಡುತ್ತಾರೆ, ಮೈ ಬಿಸಿ ನೋಡುತ್ತಾರೆ, ಎದೆಹಾಲಿನ ಬಗ್ಗೆ ವಿಚಾರಿಸುತ್ತಾರೆ. ಅವರ ಹೊರೆ ಈಗಾಗಲೇ ದೊಡ್ಡದಿದೆ ಎಂಬುದು ನನಗೆ ಗೊತ್ತು; ಗೌರವಧನ ಹೆಚ್ಚಿಸಬೇಕೆಂದು ಅವರು ಬೀದಿಗಿಳಿದುದನ್ನೂ ಕಂಡಿದ್ದೇವೆ. ಆದರೂ ಆ ಆರು ಭೇಟಿಗಳಲ್ಲಿ ಒಂದರಲ್ಲಾದರೂ ಮನೆಯ ದೊಡ್ಡ ಮಗುವನ್ನು ಹತ್ತಿರ ಕರೆದು ಮಾತನಾಡಿಸುವುದು, ತೂಕ ನೋಡುವಾಗ ಕೂಸಿನ ಬಟ್ಟೆಯನ್ನು ಅದರ ಕೈಯಲ್ಲಿ ಹಿಡಿಸುವುದು, ಅಪ್ಪನಿಗೆ ದಿನದಲ್ಲಿ ಸ್ವಲ್ಪ ಹೊತ್ತು ಆ ಮಗುವಿಗಾಗಿಯೇ ಇಡಲು ಹೇಳುವುದು ಸಾಧ್ಯವಾಗಬೇಕು. ಆರೋಗ್ಯ ಇಲಾಖೆಯವರು ತರಬೇತಿಯಲ್ಲಿ ಇದನ್ನು ಒಂದು ಮಾತಾಗಿ ಸೇರಿಸಿದರೆ ಬಹಳ ಉಪಕಾರವಾಗುತ್ತದೆ.

ಇನ್ನು, ಜಗಳ ಬಂದಾಗ ಏನು ಮಾಡಬೇಕು? ಕೂಲರಿನ ಆ ಮಧ್ಯಾಹ್ನ ಮಗಳ ಮಾತು ಕೇಳಿದ ಮೇಲೆ ನಾನು ಮಕ್ಕಳಿಬ್ಬರ ನಡುವೆ ನೆಲದ ಮೇಲೆ ಕುಳಿತೆ. ಒಬ್ಬರು ಹೇಳುವಾಗ ಇನ್ನೊಬ್ಬರು ಸುಮ್ಮನಿರಬೇಕು ಎಂದಷ್ಟೇ ಹೇಳಿದೆ. ಯಾರು ಮೊದಲು ಆರಂಭಿಸಿದ್ದು ಎಂದು ಕೇಳಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ಯಾವ ಮನೆಯಲ್ಲೂ ನಿಜವಾದ ಉತ್ತರ ಸಿಕ್ಕಿದ್ದಿಲ್ಲ. ಮೊಮ್ಮಗಳು ಹೇಳಿದ್ದು ಹೀಗೆ: ನಳದ ನೀರು ಬಂದಿರಲಿಲ್ಲವಾದ್ದರಿಂದ ಹಿತ್ತಲಿನ ತೊಟ್ಟಿಯಿಂದ ಐದು ತಂಬಿಗೆ ನೀರನ್ನು ತಂದು ಕೂಲರಿಗೆ ಹಾಕಿದವಳು ಅವಳು; ಆದ್ದರಿಂದ ಮೊದಲ ಗಾಳಿ ತನಗೆ ಬರಬೇಕು ಎಂಬುದು ಅವಳ ಎಣಿಕೆ. ಮೊಮ್ಮಗ ಅಂಗಿಯನ್ನು ಎತ್ತಿ ಬೆನ್ನು ತೋರಿಸಿದ. ಬೆವರುಸಾಲೆ ಎದ್ದು ಬೆನ್ನೆಲ್ಲ ಕೆಂಪಾಗಿತ್ತು. ಇಬ್ಬರದೂ ನ್ಯಾಯವಾದ ಮಾತೇ. ‘ಅಕ್ಕ ನೀರು ತಂದಾಳ, ಅದಕ್ಕ ಆಕಿಗೆ ಬೇಕು. ನಿನಗ ಬೆನ್ನು ಉರಿಯಾಕ ಹತ್ತೈತಿ, ಅದಕ್ಕ ನಿನಗೂ ಬೇಕು. ಈಗ ಏನು ಮಾಡೋಣು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಹುಡುಗ, ಚಾಪೆಯನ್ನೇ ಅಡ್ಡ ಹಾಕಿದರೆ ಇಬ್ಬರಿಗೂ ಗಾಳಿ ಬರುತ್ತದೆ ಎಂದ. ಇಷ್ಟು ವರ್ಷ ಆ ಕೋಣೆಯಲ್ಲಿ ಉದ್ದಕ್ಕೇ ಚಾಪೆ ಹಾಸುತ್ತಿದ್ದ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಎಲ್ಲ ಜಗಳವೂ ಹೀಗೆ ಹತ್ತು ನಿಮಿಷದಲ್ಲಿ ಬಗೆಹರಿಯುವುದಿಲ್ಲ, ಮರುದಿನವೇ ರಿಮೋಟಿಗಾಗಿ ಮತ್ತೆ ಕೂಗಾಟವಾಯಿತು. ಆದರೆ ಆ ಮಧ್ಯಾಹ್ನ ಯಾರೂ ಸೋತು ಮಲಗಲಿಲ್ಲ.

ನಮ್ಮ ಊರಿಗೆ ಹತ್ತಿರವಿರುವ ಆನೆಗೊಂದಿಯ ಕಲ್ಲುಗುಡ್ಡಗಳಲ್ಲಿ ಜನರು ಇಂದಿಗೂ ವಾಲಿಯ ಜಾಗವನ್ನು ತೋರಿಸುತ್ತಾರೆ. ಕಿಷ್ಕಿಂಧೆಯ ಆ ಅಣ್ಣತಮ್ಮಂದಿರ ಕಥೆಯನ್ನು ಮಕ್ಕಳಿಗೆ ಹೇಳುವಾಗಲೆಲ್ಲ ನಾನು ಒಂದೆಡೆ ನಿಲ್ಲುತ್ತಿದ್ದೆ. ಅಸುರನನ್ನು ಅಟ್ಟಿಸಿಕೊಂಡು ವಾಲಿ ಗುಹೆ ಹೊಕ್ಕಾಗ ತಮ್ಮ ಸುಗ್ರೀವ ಒಂದು ವರ್ಷ ಬಾಗಿಲಲ್ಲಿ ಕಾದ. ನೊರೆರಕ್ತ ಹರಿದುಬಂದುದನ್ನು ಕಂಡು ಅಣ್ಣ ಸತ್ತನೆಂದೇ ನಂಬಿ ಬಂಡೆಯಿಂದ ಬಾಗಿಲು ಮುಚ್ಚಿ ಮರಳಿದ. ಬದುಕಿ ಬಂದ ವಾಲಿಗೆ ಸಿಂಹಾಸನದ ಮೇಲೆ ತಮ್ಮ ಸುಗ್ರೀವ ಕಂಡ. ಸುಗ್ರೀವ ಕೈಮುಗಿದು ನಡೆದದ್ದನ್ನೆಲ್ಲ ಹೇಳಿದರೂ ಅಣ್ಣ ಅದನ್ನು ನಂಬಲಿಲ್ಲ, ಉಟ್ಟ ಬಟ್ಟೆಯಲ್ಲೇ ಹೊರಗಟ್ಟಿದ. ಇಬ್ಬರ ಮಾತನ್ನೂ ಕೂರಿಸಿ ಕೇಳುವ ಒಬ್ಬ ಹಿರಿಯ ಆ ಹೊತ್ತಿಗೆ ಅಲ್ಲಿ ಇರಲಿಲ್ಲ. ಮುಂದೆ ಕಾಳಗಕ್ಕೆ ನಿಂತಾಗ ಯಾರು ಅಣ್ಣ, ಯಾರು ತಮ್ಮ ಎಂದು ರಾಮನಿಗೂ ಗುರುತು ಸಿಗದಷ್ಟು ಅವರು ಒಂದೇ ತೆರನಾಗಿದ್ದರು. ಗುರುತಿಗಾಗಿ ಸುಗ್ರೀವನ ಕೊರಳಿಗೆ ಹೂಬಳ್ಳಿ ಕಟ್ಟಬೇಕಾಯಿತು. ಈ ಕಡೆಗೆ ಬಂದಾಗ ತರಗತಿಯ ಮಕ್ಕಳೆಲ್ಲ ಸುಮ್ಮನಾಗಿಬಿಡುತ್ತಿದ್ದರು.

ಪಾಳಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬದುಕುವ ನಮಗೆ ಪಾಳಿ ಎಂದರೇನೆಂದು ಯಾರೂ ವಿವರಿಸಬೇಕಿಲ್ಲ. ಮೇಲಿನವರು ಹೆಚ್ಚು ಎಳೆದುಕೊಂಡರೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರ ಗದ್ದೆಗೆ ನೀರು ಮುಟ್ಟುವುದಿಲ್ಲ, ಮತ್ತು ಪಾಳಿ ಮುಂಚೆಯೇ ಗೊತ್ತುಮಾಡಿ ಬರೆದಿಟ್ಟಿದ್ದರೆ ಮಾತ್ರ ತೂಬಿನ ಬಳಿ ಬಡಿದಾಟ ತಪ್ಪುತ್ತದೆ. ಮನೆಯಲ್ಲಿಯೂ ಹಾಗೆಯೇ. ಟಿವಿ ಯಾರದು, ಬಸ್ಸಿನಲ್ಲಿ ಕಿಟಕಿಯ ಸೀಟು ಯಾರದು ಎಂಬುದನ್ನು ಜಗಳದ ನಡುವೆ ತೀರ್ಮಾನಿಸಲು ಹೊರಟರೆ ತಾಯಿ ಯಾರದೋ ಪಕ್ಷ ಹಿಡಿದಂತೆಯೇ ಆಗುತ್ತದೆ. ನನ್ನ ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನ ಬಿಟ್ಟು ಒಂದು ದಿನ ಇಬ್ಬರ ಹೆಸರಿನ ಮೊದಲ ಅಕ್ಷರವನ್ನು ಬರೆದಿಟ್ಟಿದ್ದಾಳೆ. ಇನ್ನೂ ಓದಲು ಬಾರದ ಹುಡುಗನೂ ತನ್ನ ಅಕ್ಷರವನ್ನು ಮಾತ್ರ ದೂರದಿಂದಲೇ ಗುರುತಿಸುತ್ತಾನೆ.

ಎಲ್ಲವನ್ನೂ ಸಮನಾಗಿ ಹಂಚುವುದೇ ನ್ಯಾಯ ಎಂದು ತಿಳಿದ ತಂದೆತಾಯಂದಿರೂ ಇದ್ದಾರೆ. ಒಬ್ಬನಿಗೆ ಚಪ್ಪಲಿ ಹರಿದರೆ ಇಬ್ಬರಿಗೂ ಹೊಸ ಚಪ್ಪಲಿ ತರುವವರು ಅವರು. ಅಮೆರಿಕದ ಅಮಂಡಾ ಕೋವಲ್ ಮತ್ತು ಲಾರಿ ಕ್ರೇಮರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11ರಿಂದ 13 ವರ್ಷದ ಮಕ್ಕಳನ್ನು ಮಾತನಾಡಿಸಿದಾಗ, ತಂದೆತಾಯಿ ತಮ್ಮನ್ನೂ ಒಡಹುಟ್ಟಿದವರನ್ನೂ ಬೇರೆಬೇರೆಯಾಗಿ ನಡೆಸಿಕೊಂಡರೂ ಅದಕ್ಕೆ ಕಾರಣ ತಿಳಿದಿದ್ದಲ್ಲಿ ಮಕ್ಕಳು ಅದನ್ನು ಅನ್ಯಾಯವೆಂದು ಎಣಿಸುತ್ತಿರಲಿಲ್ಲ ಎಂಬುದು ಕಂಡುಬಂದಿತು. ಜ್ವರ ಬಂದವನಿಗೆ ಇಂದು ಹೆಚ್ಚು ಆರೈಕೆ, ಪರೀಕ್ಷೆಯಿರುವವಳಿಗೆ ಇಂದು ಕೆಲಸ ಕಡಿಮೆ ಎಂದು ಬಾಯಿಬಿಟ್ಟು ಹೇಳಿದರೆ ಮಕ್ಕಳು ಒಪ್ಪುತ್ತಾರೆ. ನಾವು ಹೇಳುವುದಿಲ್ಲ, ಅಷ್ಟೇ. ಮಕ್ಕಳಿಗೇನು ತಿಳಿಯುತ್ತದೆ ಎಂದುಕೊಂಡುಬಿಡುತ್ತೇವೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಕಾಲದಲ್ಲಿ ಇನ್ನೊಂದು ಬಗೆಯ ಗಾಯವಾಗುತ್ತದೆ. ಅಣ್ಣ 625ಕ್ಕೆ ಎಷ್ಟು ತೆಗೆದ ಎಂಬ ಲೆಕ್ಕವನ್ನು ಎಂಟನೆಯ ತರಗತಿಯ ತಂಗಿಯ ಮುಂದೆ ಬಂಧುಗಳೆಲ್ಲ ಎಣಿಸುತ್ತಾರೆ. ‘ಅವನ ಕಾಲು ತೊಳೆದ ನೀರು ಕುಡಿ’ ಎಂಬ ಮಾತನ್ನು ಪಾಲಕರ ಸಭೆಯಲ್ಲಿ, ಎಲ್ಲರೆದುರಿಗೇ, ಒಬ್ಬ ತಂದೆ ತನ್ನ ಕಿರಿಯ ಮಗನಿಗೆ ಆಡಿದ್ದನ್ನು ನಾನು ಕೇಳಿದ್ದೇನೆ. ಆ ಹುಡುಗ ಅಂದಿನಿಂದ ತನ್ನ ಅಣ್ಣ ಓದಿದ ಶಾಲೆ ಎಂಬ ಕಾರಣಕ್ಕೇ ಶಾಲೆಯನ್ನು ದ್ವೇಷಿಸತೊಡಗಿದ. ಹೊಗಳುವುದಾದರೆ ಅಣ್ಣನನ್ನು ಅಣ್ಣನಿಗಾಗಿ ಹೊಗಳಬೇಕು, ತಂಗಿಯ ತಪ್ಪನ್ನು ತಿದ್ದುವಾಗ ಅವನ ಹೆಸರನ್ನು ತರಲೇಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ‘ಬಿಟ್ಟುಕೊಡು’ ಎಂಬ ಮಾತಿಗೆ ಎರಡು ಪಟ್ಟು ಭಾರವಿದೆ. ದೊಡ್ಡವಳೆಂದು ಒಮ್ಮೆ, ಹೆಣ್ಣೆಂದು ಇನ್ನೊಮ್ಮೆ. ಗುಳೆ ಹೋಗುವ ಕುಟುಂಬಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಮನೆಗಳಲ್ಲಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಶಾಲೆಯ ಗೇಟಿನವರೆಗೆ ಬಂದು, ಒಳಗೆ ನೋಡಿ ಹಿಂದಿರುಗುತ್ತಿದ್ದ ಹುಡುಗಿಯರನ್ನು ನಾನು ಹೆಸರು ಹಿಡಿದು ಕರೆದಿದ್ದೇನೆ. ತಮ್ಮನನ್ನೂ ಒಳಗೆ ಕೂರಿಸಿಕೊಂಡು ಪಾಠ ಮಾಡಿದ್ದೇನೆ. ಆ ತಮ್ಮಂದಿರ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಆ ಪ್ರೀತಿಯ ಬೆಲೆಯಾಗಿ ತನ್ನ ಶಾಲೆ ಹೋಯಿತೆಂಬುದನ್ನು ಯಾವ ಹುಡುಗಿಯೂ ಮರೆಯುವುದಿಲ್ಲ. ಅದೇ ಮಾತು ಮೂವತ್ತು ವರ್ಷಗಳ ನಂತರ ಉಪನೋಂದಣಾಧಿಕಾರಿಗಳ ಕಚೇರಿಯ ಮೆಟ್ಟಿಲ ಮೇಲೆ ಹಕ್ಕುಬಿಡುಗಡೆ ಪತ್ರದ ರೂಪದಲ್ಲಿ ಮರಳಿ ಬರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ 2005ರಲ್ಲಿ ಹೇಳಿದೆ. 2020ರಲ್ಲಿ ಸುಪ್ರೀಂ ಕೋರ್ಟು ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು ಸ್ಪಷ್ಟಪಡಿಸಿದೆ. ಆದರೂ ‘ತವರು ಬೇಕಂದ್ರ ಸಹಿ ಹಾಕು’ ಎಂಬ ಮಾತಿನ ಮುಂದೆ ಅಕ್ಕತಂಗಿಯರು ಹೆಬ್ಬೆಟ್ಟು ಒತ್ತುತ್ತಾರೆ, ಸಹಿ ಹಾಕದಿದ್ದವರು ಪಂಚಮಿಗೆ ತವರಿಗೆ ಬರುವುದು ನಿಲ್ಲುತ್ತದೆ. ಅಣ್ಣನಿಗೆ ಅಕ್ಕತಂಗಿಯರ ಮಾತನ್ನು ಕೇಳುವ ಅಭ್ಯಾಸವನ್ನು ಐದನೆಯ ವಯಸ್ಸಿನಲ್ಲಿ ನಾವು ಮಾಡಿಸಿರಲಿಲ್ಲ. ನಲವತ್ತೈದರಲ್ಲಿ ವಕೀಲರ ನೋಟಿಸು ಮಾಡಿಸುತ್ತದೆ.

ಎಲ್ಲ ಜಗಳವನ್ನೂ ಮಕ್ಕಳಿಗೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಒಂದೇ ಮಗು ಸದಾ ಹೊಡೆಸಿಕೊಳ್ಳುತ್ತಿದ್ದರೆ, ಇನ್ನೊಂದು ಮನೆಗೆ ಬರುವ ಹೊತ್ತಿಗೆ ಅದು ಹೆದರಿ ಮೂಲೆ ಸೇರುತ್ತಿದ್ದರೆ, ಅಥವಾ ಕೈಗೆ ಕಲ್ಲು, ಕಬ್ಬಿಣ ಬಂದಿದ್ದರೆ ಅದು ಜಗಳವಲ್ಲ, ಹಿಂಸೆ. ಆಗ ಮಾತಿಲ್ಲದೆ ಇಬ್ಬರನ್ನೂ ಬೇರ್ಪಡಿಸಬೇಕು, ವಿಚಾರಣೆ ಆಮೇಲೆ. ಹೊಡೆಯುವ ಮಗುವನ್ನು ನಾವು ಹೊಡೆದು ತಿದ್ದಲು ಹೋದರೆ, ದೊಡ್ಡವರು ಸಣ್ಣವರನ್ನು ಹೊಡೆಯಬಹುದು ಎಂಬುದನ್ನೇ ಅದಕ್ಕೆ ಕಲಿಸಿದಂತಾಗುತ್ತದೆ. ಮನೆಯವರ ಕೈಮೀರಿದಾಗ ಸಹಾಯ ಕೇಳುವುದರಲ್ಲಿ ನಾಚಿಕೆಪಡಬೇಕಾದುದಿಲ್ಲ. ಮಾನಸಿಕ ಆರೋಗ್ಯದ ಸೇವೆಯನ್ನು ದೊಡ್ಡ ಆಸ್ಪತ್ರೆಗಳಿಂದ ತಾಲ್ಲೂಕು, ಹಳ್ಳಿಗಳಿಗೆ ತರಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಆ ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ದೇಶಕ್ಕೆ ದಾರಿ ತೋರಿದ ಈ ಭಾಗದಲ್ಲಿಯೇ ಮಕ್ಕಳ ಮನಸ್ಸಿನ ಮಾತು ಬಂದರೆ ‘ಹುಚ್ಚರ ಡಾಕ್ಟರ ಕಡೆ ಯಾಕ ಹೋಗೂದು’ ಎಂದು ಕೇಳುವವರು ಇನ್ನೂ ಇದ್ದಾರೆ ಎಂಬುದು ನನಗೆ ದುಃಖದ ಸಂಗತಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮಗುವಿಗೆ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಶಾಲೆಗಳು ಮತ್ತೆ ತೆರೆಯುವ ಮುನ್ನ, ಮನೆಯಲ್ಲಿ ಮಕ್ಕಳ ಜಗಳವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಓದುಗರನ್ನೇ ಕೇಳಿ ಅವರ ಪತ್ರಗಳಿಗೆ ಒಂದು ದಿನ ಜಾಗ ಕೊಡಿ. ತಂದೆತಾಯಂದಿರ ಪತ್ರಗಳ ಜೊತೆ, ‘ನೀ ದೊಡ್ಡಾಕಿ’ ಎಂಬ ಮಾತು ಕೇಳಿ ಬೆಳೆದ ಅಕ್ಕಂದಿರ, ಅಣ್ಣಂದಿರ ಪತ್ರಗಳೂ ಅಲ್ಲಿರಲಿ. ಅಂಗನವಾಡಿಗಳ ತಾಯಂದಿರ ಸಭೆಯಲ್ಲಿ ಆ ಪುಟವನ್ನು ಓದಿ ಹೇಳುವ ಕೆಲಸವನ್ನು ನಮ್ಮ ಓಣಿಯ ಮಟ್ಟಿಗೆ ನಾನು ವಹಿಸಿಕೊಳ್ಳುತ್ತೇನೆ. ನನ್ನ ಮಗಳೂ ತಾನೊಂದು ಪತ್ರ ಬರೆಯುವುದಾಗಿ ಹೇಳಿದ್ದಾಳೆ. ಅದರಲ್ಲಿ ನನ್ನ ಬಗ್ಗೆ ಏನಿದ್ದರೂ ತಿದ್ದದೆ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಶಿಕ್ಷಕಿ,
ಗಂಗಾವತಿ, ಕೊಪ್ಪಳ ಜಿಲ್ಲೆ